ಕಾಡತೂಸು, ಅಚ್ಚು ಮತ್ತು ಅಳತೆ: ಮಕ್ಕಳು ಕೇಳಿದ ಒಂದು ಪ್ರಶ್ನೆಯ ಇತಿಹಾಸ



ಗೋವೆಯ ಕನ್ನಡ ಶಾಲೆಯಲ್ಲಿ ಪಾಠ ಮಾಡುವ ನಮಗೆ ಮಕ್ಕಳೇ ದೊಡ್ಡ ಪರೀಕ್ಷಕರು. ನಮ್ಮ ಮುಂದೆ ಕೂರುವವರಲ್ಲಿ ಹೆಚ್ಚಿನವರು ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳ ಕಡೆಯಿಂದ ದುಡಿಯಲು ಬಂದವರ ಮಕ್ಕಳು. ಅವರಿಗೆ 1857ರ ದಂಗೆಯ ಪಾಠ ಮಾಡುತ್ತಿದ್ದೆವು. ಎಂದಿನಂತೆ "ಹಸು ಮತ್ತು ಹಂದಿಯ ಕೊಬ್ಬು ಸವರಿದ ಕಾಡತೂಸನ್ನು ಸಿಪಾಯಿಗಳು ಹಲ್ಲಿನಿಂದ ಕಚ್ಚಬೇಕಾಗಿತ್ತು" ಎಂದು ಹೇಳಿ, ಕಪ್ಪುಹಲಗೆಯ ಮೇಲೆ ಒಂದು ಚೂಪು ಮೂತಿಯ ಕಾಡತೂಸಿನ ಚಿತ್ರ ಬಿಡಿಸಿದೆವು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ.

"ಸರ್, ಅದು ಹಿತ್ತಾಳಿದು ಇರ್ತೈತಿ. ಹಿತ್ತಾಳಿ ಹಲ್ಲಿಲೆ ಹೆಂಗ ಕಡೀತಾರ್ರಿ?"

ತರಗತಿ ನಕ್ಕಿತು. ನಾವು ನಗಲಿಲ್ಲ. ಉತ್ತರ ನಮಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಅದೇ ಚಿತ್ರ ಬಿಡಿಸಿದ್ದೆವು, ಅದೇ ಸಾಲು ಬರೆಸಿದ್ದೆವು, ಅದಕ್ಕೆ ಅಂಕವನ್ನೂ ಕೊಟ್ಟಿದ್ದೆವು! "ನಾಳೆ ಹೇಳ್ತೀನಿ, ಕೂಡು" ಎಂದೆವು. ಆ ನಾಳೆ ಬರಲು ಎರಡು ತಿಂಗಳು ಹಿಡಿಯಿತು. ಹುಡುಕುತ್ತ ಹೋದಾಗ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ನಮ್ಮಂತೆಯೇ ತಪ್ಪು ಚಿತ್ರ ಬಿಡಿಸಿದ ಶಿಕ್ಷಕರು ಬೇರೆಯವರೂ ಇರಬಹುದು.

ಮೊದಲಿಗೆ ಪದವನ್ನೇ ನೋಡೋಣ. ನಮ್ಮ ಕಡೆ ಹಿರಿಯರು ತೋಟಾ ಎನ್ನುತ್ತಾರೆ, ಕಾಡತೂಸು ಎಂದೂ ಅನ್ನುತ್ತಾರೆ. ಈ ಕಾಡತೂಸು ಕಾಡಿನಿಂದ ಬಂದ ಪದವಲ್ಲ. ಪೋರ್ಚುಗೀಸರ 'ಕಾರ್ತೂಶು' ಮರಾಠಿಯಲ್ಲಿ ಕಾಡತೂಸ್, ಹಿಂದಿಯಲ್ಲಿ ಕಾರತೂಸ್ ಆಗಿ ನಮ್ಮ ಬಾಯಿಗೂ ಬಂದಿದೆ. ಮೇಜು, ಸಾಬೂನು, ಪಾದ್ರಿ ಎಂಬ ಪದಗಳ ಬಳಗದ್ದೇ ಇದು. ಅಂದರೆ ನಮ್ಮ ಮಕ್ಕಳು ಈಗ ಬದುಕುತ್ತಿರುವ ಈ ಗೋವೆಯಲ್ಲಿ ನಾಲ್ಕೂವರೆ ಶತಮಾನ ಆಳಿದವರ ಪದ.

1510ರಲ್ಲಿ ಆಲ್ಬುಕರ್ಕ್ ಬಿಜಾಪುರದ ಆದಿಲ್‌ಶಾಹಿಯಿಂದ ಗೋವೆಯನ್ನು ಕಿತ್ತುಕೊಂಡಾಗ ಇಲ್ಲಿ ಬಂದೂಕು, ಫಿರಂಗಿ ಮಾಡುವ ಕಮ್ಮಾರರು ಆಗಲೇ ಇದ್ದರು. ಗೋವೆಯ ಕಸುಬುದಾರರು ಬೊಹೀಮಿಯಾದ ಬಂದೂಕುಗಳಿಗೆ ಸಮನಾದ ಬಂದೂಕು ಮಾಡುತ್ತಾರೆಂದು 1513ರಲ್ಲಿ ಆತ ತನ್ನ ದೊರೆಗೆ ಬರೆದ. ಬೊಹೀಮಿಯಾ ಆಗ ಯುರೋಪಿನಲ್ಲಿ ಬಂದೂಕಿಗೆ ಹೆಸರಾದ ನಾಡು. ಪಣಜಿಯಿಂದ ಹಳೆ ಗೋವೆಗೆ ಹೋಗುವ ದಾರಿಯ ಪಣೇಲಿಯಲ್ಲಿ ಪೋರ್ಚುಗೀಸರು ಮದ್ದಿನ ಕಾರ್ಖಾನೆಯನ್ನೇ ಕಟ್ಟಿದ್ದರು. 1695ರಲ್ಲಿ ಅವರ ವೈಸರಾಯ್ ಕೋಟೆಯ ಅರಮನೆ ಬಿಟ್ಟು ವಾಸಕ್ಕೆ ಹೋದದ್ದು ಈ 'ಮದ್ದಿನ ಮನೆ'ಗೇ.

ಆ ಕಾಲದ ಬಂದೂಕಿನ ಒಂದು ಗುಣವನ್ನು ನೆನಪಿಡಬೇಕು. ಪ್ರತಿ ನಳಿಗೆಯನ್ನೂ ಕಮ್ಮಾರ ಕೈಯಿಂದ ಬಡಿದು ಮಾಡುತ್ತಿದ್ದ. ಹಾಗಾಗಿ ಒಂದರ ತೂತು ಇನ್ನೊಂದರಂತೆ ಇರುತ್ತಿರಲಿಲ್ಲ. ಬಂದೂಕಿನ ಜೊತೆಗೇ ಅದಕ್ಕೆ ಹೊಂದುವ ಗುಂಡಿನ ಅಚ್ಚನ್ನೂ ಮಾಡಿಕೊಳ್ಳಬೇಕಿತ್ತು. ಇಕ್ಕಳದಂತಿರುವ ಎರಡು ಹೋಳಿನ ಅಚ್ಚು. ಸೀಸ ಕರಗಿಸಿ ಅದಕ್ಕೆ ಹೊಯ್ದರೆ ಗುಂಡು ಸಿದ್ಧ. ಅಳತೆ ಬಂದೂಕಿನ ಯಜಮಾನನ ಮನೆಯಲ್ಲೇ ಇರುತ್ತಿತ್ತು. ಇಂದಿಗೂ ನಾವು 'ಹನ್ನೆರಡು ಬೋರಿನ ಬಂದೂಕು' ಅನ್ನುತ್ತೇವಲ್ಲ, ಅದೂ ಈ ಸೀಸದ ಲೆಕ್ಕವೇ. ಒಂದು ಪೌಂಡು ಸೀಸದಲ್ಲಿ ಒಂದೇ ಸಮ ಹನ್ನೆರಡು ಗುಂಡು ಮಾಡಿದರೆ ಅದರಲ್ಲಿ ಒಂದು ಹಿಡಿಸುವಷ್ಟು ದೊಡ್ಡ ತೂತು. ಸುಮಾರು ಹದಿನೆಂಟೂವರೆ ಮಿಲಿಮೀಟರ್.

ಈಗ ಹುಡುಗನ ಪ್ರಶ್ನೆಗೆ ಬರೋಣ. 1857ರ ಕಾಡತೂಸು ಹಿತ್ತಾಳೆಯದಲ್ಲ, ಕಾಗದದ್ದು! ಒಂದು ಸಲಕ್ಕೆ ಬೇಕಾದ ಮದ್ದನ್ನೂ ಒಂದು ಗುಂಡನ್ನೂ ಸುತ್ತಿಟ್ಟ ಕಾಗದದ ಕೊಳವೆ. ಒಂದು ತುದಿಯಲ್ಲಿ ಮದ್ದು, ಇನ್ನೊಂದು ತುದಿಯಲ್ಲಿ ಗುಂಡು. ಸಿಪಾಯಿ ಮದ್ದಿನ ತುದಿಯ ಕಾಗದವನ್ನು ಹಲ್ಲಿನಿಂದ ಕಚ್ಚಿ ಹರಿದು, ಮದ್ದನ್ನು ನಳಿಗೆಯ ಬಾಯಿಗೆ ಸುರಿಯುತ್ತಿದ್ದ. ನಂತರ ಕೊಳವೆಯನ್ನು ತಿರುಗಿಸಿ ಗುಂಡನ್ನು ಕಾಗದದ ಸಮೇತ ಒಳಕ್ಕೆ ದೂಡುತ್ತಿದ್ದ. ಕೊಬ್ಬು ಯಾಕೆ ಬೇಕಿತ್ತು? ಹಳೆಯ ಬಂದೂಕಿನಲ್ಲಿ ಗುಂಡು ಸಡಿಲ, ಸಲೀಸಾಗಿ ಜಾರುತ್ತಿತ್ತು. ಹೊಸ ಎನ್‌ಫೀಲ್ಡ್ ರೈಫಲ್ಲಿನ ನಳಿಗೆ 0.577 ಇಂಚಿನದು, ಒಳಗೆ ಸುರುಳಿ ಗೆರೆ. ಅದಕ್ಕೆ ಮಾಡಿದ ಗುಂಡು ಮೊದಲಿಗೆ 0.568 ಇಂಚು. ಅದರ ಮೇಲೆ ಕಾಗದವೂ ಸುತ್ತಿದರೆ ನಳಿಗೆಗೆ ಬಿಗಿ. ಜಾರಲು ಜಿಡ್ಡು ಬೇಕೇ ಬೇಕು. ಆ ಜಿಡ್ಡಿನ ಸುದ್ದಿಯೇ ದಂಡುಗಳಲ್ಲಿ ಬೆಂಕಿಯಾಯಿತು. ದಂಗೆ ಹತ್ತಿರವಾದಾಗ ಬ್ರಿಟಿಷರು "ಹಲ್ಲಿನಿಂದ ಬೇಡ, ಕೈಯಿಂದ ಹರಿಯಿರಿ" ಎಂದು ಕವಾಯತಿನ ಕ್ರಮವನ್ನೇ ಬದಲಿಸಿದರು. ಆಮೇಲೆ ಗುಂಡನ್ನು 0.55 ಇಂಚಿಗೆ ಇಳಿಸಿದರು. ಆದರೆ ಹೊತ್ತು ಮೀರಿತ್ತು.

ದಂಗೆಯ ಕಾರಣಗಳು ನೂರಾರು. ಜಮೀನು, ಸಂಬಳ, ಅವಮಾನ, ಕಿತ್ತುಕೊಂಡ ಸಂಸ್ಥಾನಗಳು ಎಲ್ಲ ಇದ್ದವು. ಆದರೆ ಇಂಚಿನ ನೂರರಲ್ಲೊಂದು ಪಾಲಿನ ಅಳತೆಗೂ ಅದರಲ್ಲಿ ಒಂದು ಜಾಗವಿದೆ ಎಂಬುದು ನಮಗೆ ಹೊಸದಾಗಿ ಕಂಡಿತು.

ಅದೇ ವರ್ಷ ಅಳತೆಯಷ್ಟೇ ಅಲ್ಲ, ಆಯುಧವೇ ಮನೆಯಿಂದ ಹೋಯಿತು. ದಂಗೆ ಹಬ್ಬಿದ ಮೇಲೆ ಸರ್ಕಾರ ಜನರ ಆಯುಧ ಕಸಿಯುವ ಕಾಯ್ದೆ ತಂದಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಕೊಡುವುದಿಲ್ಲ ಎಂದರು. ಬೇಟೆ ಅವರ ಹೊಟ್ಟೆಪಾಡು, ಹತಾರ ಅವರ ಮಾನ. 1857ರ ನವೆಂಬರ್ ಕೊನೆಯಲ್ಲಿ ಕಂಪನಿಯ ದಂಡು ಊರಿಗೆ ನುಗ್ಗಿ ಬೆಂಕಿ ಹಚ್ಚಿತು. ಡಿಸೆಂಬರ್‌ನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಒಟ್ಟು 19 ಮಂದಿಯನ್ನು ಗಲ್ಲಿಗೇರಿಸಿದರು. ಜಡಗ, ಬಾಲ ಎಂಬ ಹೆಸರುಗಳನ್ನು ಲಾವಣಿಕಾರರು ಉಳಿಸಿದರು. ಆ ಲಾವಣಿಯನ್ನು ಸಂಗ್ರಹಿಸಿ ಅಚ್ಚಿಗೆ ತಂದವನು ಜೆ. ಎಫ್. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ!

ಇದಕ್ಕೆ ಎದುರಾಗಿ ಇನ್ನೊಂದು ಸಂಗತಿ. 1861ರಲ್ಲಿ ಅದೇ ಸರ್ಕಾರ ಕೊಡಗಿನವರಿಗೆ ಈ ಕಾಯ್ದೆಯಿಂದ ವಿನಾಯಿತಿ ಕೊಟ್ಟಿತು. ಆ ವಿನಾಯಿತಿ ಇಂದಿಗೂ ನಡೆದುಬಂದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಅಲ್ಲಿ ಕೋವಿಗೆ ಪೂಜೆ ಮಾಡುತ್ತಾರೆ. ಒಂದೇ ನುಡಿಯ ನಾಡಿನಲ್ಲಿ ನಾಲ್ಕು ವರ್ಷದ ಅಂತರದಲ್ಲಿ ಒಂದು ಊರಿಗೆ ನೇಣು, ಒಂದು ಸೀಮೆಗೆ ವಿನಾಯಿತಿ. ಯಾರ ಕೈಯಲ್ಲಿ ಆಯುಧ ಇರಬೇಕೆಂದು ನಿರ್ಧರಿಸಿದ್ದು ಆಳುವವರ ನಂಬಿಕೆ ಮತ್ತು ಅಂಜಿಕೆ.

ಇನ್ನು ಹಿತ್ತಾಳೆಗೆ ಬರೋಣ. ದಂಗೆಯಾಗಿ ಒಂಬತ್ತು ವರ್ಷಕ್ಕೆ, 1866ರಲ್ಲಿ, ಇಂಗ್ಲೆಂಡಿನ ವೂಲಿಚ್‌ನಲ್ಲಿ ಎಡ್ವರ್ಡ್ ಬಾಕ್ಸರ್ ಎಂಬ ಸೈನ್ಯಾಧಿಕಾರಿ ಸ್ನೈಡರ್ ರೈಫಲ್ಲಿಗೆ ತೆಳು ಹಿತ್ತಾಳೆ ಹಾಳೆ ಸುತ್ತಿದ ಕಾಡತೂಸು ಮಾಡಿದ. ಮದ್ದು, ಗುಂಡು, ಕಿಡಿ ಕೊಡುವ ಕೇಪು ಮೂರೂ ಒಂದರಲ್ಲೇ. ನಳಿಗೆಯ ಹಿಂಬದಿಯಿಂದ ತುಂಬಿದರಾಯಿತು. ಕಚ್ಚುವುದೂ ಇಲ್ಲ, ದೂಡುವುದೂ ಇಲ್ಲ. ನಮ್ಮ ಹುಡುಗ ಸಿನಿಮಾದಲ್ಲಿ ನೋಡಿದ್ದು ಇದರ ಮಕ್ಕಳು ಮೊಮ್ಮಕ್ಕಳನ್ನು. 1869ರಲ್ಲಿ ಪುಣೆಯ ಬಳಿಯ ಖಡ್ಕಿಯಲ್ಲಿ ಕಾಡತೂಸಿನ ಸರ್ಕಾರಿ ಕಾರ್ಖಾನೆ ಶುರುವಾಯಿತು.

ಹಿತ್ತಾಳೆಯನ್ನೇ ಯಾಕೆ ಆರಿಸಿದರು? ಅದು ಹಿಗ್ಗುತ್ತದೆ, ಸ್ವಲ್ಪ ಕುಗ್ಗುತ್ತದೆ. ಮದ್ದು ಉರಿದಾಗ ಕೊಳವೆ ಹಿಗ್ಗಿ ಬಂದೂಕಿನ ಗೂಡಿನ ಗೋಡೆಗೆ ಅಂಟಿಕೊಂಡು, ಬಿಸಿ ಗಾಳಿ ಹಿಂದಕ್ಕೆ ಬಾರದಂತೆ ತಡೆಯುತ್ತದೆ. ಒತ್ತಡ ಇಳಿದಾಗ ಕೂದಲೆಳೆಯಷ್ಟು ಕುಗ್ಗಿ ಸಡಿಲಾಗುತ್ತದೆ, ಆಗ ಹೊರಕ್ಕೆ ಎಳೆಯಬಹುದು. ಆದರೆ ಪೂರ್ತಿ ಹಳೆಯ ಆಕಾರಕ್ಕೆ ಮರಳುವುದಿಲ್ಲ. ಹಾರಿಸಿದ ಕೊಳವೆ ಆ ಒಂದು ಬಂದೂಕಿನ ಗೂಡಿನ ಪಡಿಯಚ್ಚಾಗಿ ಹೊರಬರುತ್ತದೆ. ಅದರ ಕೊರಳೂ ಅಗಲವಾಗಿ, ಹೊಸ ಗುಂಡನ್ನಿಟ್ಟರೆ ಹಿಡಿಯದೆ ಒಳಕ್ಕೆ ಬೀಳುತ್ತದೆ.

ಹಿತ್ತಾಳೆಗೆ ಬೆಲೆ ಇದೆ. ಕೊಳವೆಯನ್ನು ಎಸೆಯದೆ ಮತ್ತೆ ತುಂಬಬಾರದೇಕೆ? ಇಲ್ಲಿಂದಲೇ ಮರು ಅಳತೆಯ ಅಚ್ಚು ಹುಟ್ಟಿತು. ಗಟ್ಟಿ ಉಕ್ಕಿನ ಒಂದು ತುಂಡು, ಅದರೊಳಗೆ ಕಾಡತೂಸಿನ ಸರಿಯಾದ ಆಕಾರದ ಕುಳಿ. ಜಿಡ್ಡು ಸವರಿದ ಕೊಳವೆಯನ್ನು ಸನ್ನೆಯ ಬಲದಿಂದ ಅದರೊಳಕ್ಕೆ ಒತ್ತಿದರೆ ಹಿಗ್ಗಿದ್ದು ಅಳತೆಗೆ ಬರುತ್ತದೆ. ಅಕ್ಕಸಾಲಿಗ ದಪ್ಪ ತಂತಿಯನ್ನು ತೂತಿನ ಪಟ್ಟಿಯಲ್ಲಿ ಎಳೆದು ಸಣ್ಣ ಮಾಡುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಚ್ಚಿನ ನಡುವೆ ಒಂದು ಸರಳೂ ಇರುತ್ತದೆ. ಅದರ ತುದಿಯ ಮೊಳೆ ಉರಿದ ಕೇಪನ್ನು ಹೊರದೂಡುತ್ತದೆ. ಸರಳಿನ ಮೇಲಿನ ಗುಬುಟು ಕೊಳವೆ ಹೊರಬರುವಾಗ ಕೊರಳಿನ ಒಳ ಅಳತೆಯನ್ನು ಸರಿಮಾಡುತ್ತದೆ.

ಅಮೆರಿಕದಲ್ಲಿ ಇದು ಮನೆಮನೆಯ ಹವ್ಯಾಸವಾಯಿತು. 1884ರಲ್ಲಿ ಜಾನ್ ಬಾರ್ಲೋ ಎಂಬವನು ಐಡಿಯಲ್ ಎಂಬ ಕಂಪನಿ ಕಟ್ಟಿ ಇಕ್ಕಳದಂಥ ಮರುತುಂಬುವ ಉಪಕರಣ ಮಾರಿದ. 1943ರಲ್ಲಿ ಕ್ಯಾಲಿಫೋರ್ನಿಯಾದ ಫ್ರೆಡ್ ಹಂಟಿಂಗ್‌ಟನ್ ಆರ್‌ಸಿಬಿಎಸ್ ಕಂಪನಿ ಶುರುಮಾಡಿದ. 1958ರಲ್ಲಿ ರಿಚರ್ಡ್ ಲೀ ಒಂದು ಸಣ್ಣ ಪೆಟ್ಟಿಗೆಯಲ್ಲಿ ಹಿಡಿಯುವ ಸುತ್ತಿಗೆಯ ಸೆಟ್ಟು ತಂದ.

ಅಚ್ಚು ಆರಿಸುವುದರಲ್ಲಿ ಮುಖ್ಯವಾಗಿ ಎರಡು ದಾರಿ. ಒಂದು ಪೂರ್ಣ ಅಚ್ಚು. ಇದು ಕೊಳವೆಯ ಮೈ, ಹೆಗಲು, ಕೊರಳು ಎಲ್ಲವನ್ನೂ ಒತ್ತಿ ಕಾರ್ಖಾನೆಯ ಅಳತೆಗೆ ತರುತ್ತದೆ. ಹಾಗೆ ಮಾಡಿದ ಕಾಡತೂಸು ಅದೇ ಜಾತಿಯ ಯಾವ ರೈಫಲ್ಲಿಗೂ ಹಿಡಿಸುತ್ತದೆ. ಇನ್ನೊಂದು ಕೊರಳಚ್ಚು. ಇದು ಗುಂಡು ಹಿಡಿಯುವಷ್ಟು ಕೊರಳನ್ನು ಮಾತ್ರ ಬಿಗಿ ಮಾಡಿ, ಮೈಯನ್ನು ಹಾಗೇ ಬಿಡುತ್ತದೆ. ಆ ಕಾಡತೂಸು ಯಾವ ರೈಫಲ್ಲಿನಿಂದ ಹೊರಬಂತೋ ಅದಕ್ಕೇ ಸರಿ, ಬೇರೆಯದಕ್ಕೆ ಹಿಡಿಸುವ ಖಾತ್ರಿ ಇಲ್ಲ.

ಯಾವುದು ಒಳ್ಳೆಯದು? ಇದಕ್ಕೆ ನಮ್ಮ ಪೊಲೀಸರ ಹೆಗಲ ಮೇಲೆ ಬಹಳ ಕಾಲ ಇದ್ದ ತ್ರೀ ನಾಟ್ ತ್ರೀ ರೈಫಲ್ಲೇ ಒಳ್ಳೆಯ ಉದಾಹರಣೆ. ಇದರ ಕಾಡತೂಸು ಗೂಡಿನಲ್ಲಿ ನಿಲ್ಲುವುದು ಬುಡದ ಅಂಚಿನ ಆಧಾರದಿಂದ, ಹೆಗಲಿನಿಂದಲ್ಲ. ಯುದ್ಧಭೂಮಿಯ ಕೆಸರು, ಧೂಳು ಹೊಕ್ಕರೂ ಕಾಡತೂಸು ಸಿಕ್ಕಿಕೊಳ್ಳಬಾರದೆಂದು ಸೈನ್ಯದ ರೈಫಲ್ಲುಗಳ ಗೂಡನ್ನು ಬೇಕೆಂದೇ ಸಡಿಲ ಮಾಡಿದ್ದರು. ಹಾಗಾಗಿ ಒಂದು ಸಲ ಹಾರಿಸಿದರೆ ಕೊಳವೆ ಬಹಳ ಹಿಗ್ಗುತ್ತದೆ, ಹೆಗಲು ಮುಂದಕ್ಕೆ ಹೋಗುತ್ತದೆ. ಪ್ರತಿಸಲ ಪೂರ್ಣ ಅಚ್ಚಿಗೆ ಹಾಕಿ ಹಿಂದಕ್ಕೆ ಒತ್ತಿದರೆ, ಹಾರಿಸಿದಾಗ ಮತ್ತೆ ಹಿಗ್ಗುತ್ತದೆ. ಹೀಗೆ ಎಳೆದಾಡಿ ಬುಡದ ಸ್ವಲ್ಪ ಮೇಲೆ ಹಿತ್ತಾಳೆ ತೆಳುವಾಗಿ, ಕೆಲವೇ ಸಲಕ್ಕೆ ಕೊಳವೆ ಎರಡು ತುಂಡಾಗುತ್ತದೆ. ಅದಕ್ಕೇ ಒಂದೇ ರೈಫಲ್ ಇಟ್ಟುಕೊಂಡವರು ಇದಕ್ಕೆ ಕೊರಳಚ್ಚನ್ನು ಆರಿಸುತ್ತಾರೆ. ಹಲವು ರೈಫಲ್ಲು ಇದ್ದವರಿಗೆ ಪೂರ್ಣ ಅಚ್ಚೇ ಗತಿ, ಆದರೆ ಹೆಗಲನ್ನು ಅಗತ್ಯಕ್ಕಿಂತ ಹೆಚ್ಚು ಒತ್ತದಂತೆ ಅಚ್ಚನ್ನು ತಿರುಗಿಸಿ ನಿಲ್ಲಿಸಬೇಕು.

ಬಳಸುವಾಗಲೂ ಹದ ಬೇಕು. ಜಿಡ್ಡು ಕಡಿಮೆಯಾದರೆ ಕೊಳವೆ ಅಚ್ಚಿನಲ್ಲೇ ಕಚ್ಚಿಕೊಳ್ಳುತ್ತದೆ. ಹೆಚ್ಚಾದರೆ ಹೆಗಲಲ್ಲಿ ಕುಳಿ ಬೀಳುತ್ತದೆ. ಬಹಳ ಗಟ್ಟಿಯಾದ ಕಾರ್ಬೈಡಿನ ಅಚ್ಚೂ ಇದೆ. ಪಿಸ್ತೂಲಿನಂಥ ನೇರ ಕೊಳವೆಗೆ ಅದರಲ್ಲಿ ಜಿಡ್ಡು ಬೇಡ, ಆದರೆ ಸೀಸೆಯಂತೆ ಕೊರಳಿರುವ ರೈಫಲ್ ಕೊಳವೆಗೆ ಆಗಲೂ ಬೇಕು. ಒತ್ತಿ ಒತ್ತಿ ಹಿತ್ತಾಳೆ ಪೆಡಸಾದರೆ ಕೊರಳು ಸೀಳುತ್ತದೆ, ಆಗ ಕೊರಳನ್ನಷ್ಟೇ ಕಾಯಿಸಿ ಮೆತ್ತಗೆ ಮಾಡಬೇಕು. ಬುಡ ಮೆತ್ತಗಾದರೆ ಅಪಾಯ. ತಾಮ್ರದ ಕೊಡ ಬಡಿಯುವ ಕಂಚಗಾರನಿಗೆ ಈ ಕಾಯಿಸುವ ಹದ ಯಾರೂ ಹೇಳಿಕೊಡಬೇಕಿಲ್ಲ!

ಇಲ್ಲೊಂದು ತಮಾಷೆ. ಇಂಗ್ಲೆಂಡಿನ ಬಾಕ್ಸರ್ ಮಾಡಿದ ಕೇಪಿನ ಪದ್ಧತಿಯಲ್ಲಿ ಕೊಳವೆಯ ಬುಡಕ್ಕೆ ನಡುವೆ ಒಂದೇ ತೂತು. ಅಮೆರಿಕದ ಬರ್ಡನ್ ಮಾಡಿದ ಪದ್ಧತಿಯಲ್ಲಿ ಸಾಮಾನ್ಯವಾಗಿ ಪಕ್ಕಕ್ಕೆ ಎರಡು ಸಣ್ಣ ತೂತು. ಆದರೆ ಇಂಗ್ಲಿಷ್ ಪದ್ಧತಿ ಅಮೆರಿಕದಲ್ಲಿ ನಿಂತಿತು, ಅಮೆರಿಕದ್ದು ಯುರೋಪಿನಲ್ಲಿ ನಿಂತಿತು! ಅಚ್ಚಿನ ಮೊಳೆ ಇಳಿಯುವುದು ನಡುವಿನ ತೂತಿಗೆ ಮಾತ್ರ. ಬ್ರಿಟಿಷ್ ಸೈನ್ಯದ ತ್ರೀ ನಾಟ್ ತ್ರೀ ಕೊಳವೆಗಳು ಹೆಚ್ಚಾಗಿ ಬರ್ಡನ್ ಪದ್ಧತಿಯವು. ಆದ್ದರಿಂದ ಅವನ್ನು ಮರಳಿ ತುಂಬುವುದು ಸುಲಭವಲ್ಲ, ಮೊಳೆ ಮುರಿಯುತ್ತದೆ.

ಮರುತುಂಬುವ ಈ ವಿದ್ಯೆಗೆ ಸರ್ಕಾರ ಎಷ್ಟು ಅಂಜುತ್ತಿತ್ತು ಎಂಬುದಕ್ಕೆ ನಮ್ಮ ದೇಶದ್ದೇ ಒಂದು ಪ್ರಸಂಗವಿದೆ. 1871ರಲ್ಲಿ ಬಂದ ಮಾರ್ಟಿನಿ-ಹೆನ್ರಿ ರೈಫಲ್ಲಿನ ಗುಂಡಿನ ಅಳತೆ 0.450 ಇಂಚು. ವಾಯವ್ಯ ಗಡಿಯಲ್ಲೂ ಸುಡಾನಿನಲ್ಲೂ ಅಂಥ ರೈಫಲ್ಲುಗಳು ಜನರ ಕೈ ಸೇರಿದ್ದವು. ಬೇಟೆಗಾರ ಸಾಹೇಬರು ತರಿಸುತ್ತಿದ್ದ 0.450 ಅಳತೆಯ ಕಾಡತೂಸಿನ ಸಾಮಾನು ಆ ರೈಫಲ್ಲುಗಳಿಗೂ ಉಪಯೋಗವಾದೀತು ಎಂಬ ಭಯದಿಂದ, 1907ರ ಸುಮಾರಿಗೆ ಭಾರತ ಮತ್ತು ಸುಡಾನಿಗೆ ಆ ಅಳತೆಯ ಬಂದೂಕು ತರುವುದನ್ನೇ ತಡೆದರು. ಲಂಡನ್ನಿನ ಬಂದೂಕು ಕಂಪನಿಗಳು ಕೂಡಲೇ 0.465, 0.470 ಎಂಬ ಹೊಸ ಅಳತೆಗಳನ್ನು ಮಾಡಿದವು. ವ್ಯತ್ಯಾಸ ಅರ್ಧ ಮಿಲಿಮೀಟರ್ ಆಚೀಚೆ, ಅಷ್ಟೇ. ಅದೇ ಹುಲಿ, ಅದೇ ಕಾಡು, ಅದೇ ಸಾಹೇಬ. ಅಳತೆ ಮಾತ್ರ ಬೇರೆ! ಹಲಗಲಿಯಲ್ಲಿ ಆಯುಧವೇ ಅಪರಾಧವಾಗಿತ್ತು. ಐವತ್ತು ವರ್ಷದ ನಂತರ ಒಂದು ಸಂಖ್ಯೆಯೇ ಅಪರಾಧವಾಯಿತು.

ಸ್ವತಂತ್ರ ಭಾರತದ 1959ರ ಆಯುಧ ಕಾಯ್ದೆಯೂ ಇದನ್ನು ಮರೆತಿಲ್ಲ. ಅದರಲ್ಲಿ ಮದ್ದುಗುಂಡು ಎಂಬ ಪದದ ಅರ್ಥದೊಳಗೆ ಅದರ ಬಿಡಿ ಭಾಗಗಳೂ, ಅದನ್ನು ತಯಾರಿಸುವ ಯಂತ್ರವೂ ಸೇರಿವೆ. ಪರವಾನಗಿ ಇಲ್ಲದೆ ತಯಾರಿಸುವಂತಿಲ್ಲ. 1961ರ ಡಿಸೆಂಬರ್‌ನಲ್ಲಿ ಗೋವೆ ಬಿಡುಗಡೆಯಾಗಿ ಭಾರತಕ್ಕೆ ಸೇರಿತು, ಈಗ ಇಲ್ಲಿಗೂ ಅದೇ ಕಾಯ್ದೆ. ಈ ಕಟ್ಟುನಿಟ್ಟನ್ನು ನಾವು ತಪ್ಪೆನ್ನುವುದಿಲ್ಲ. ಮಕ್ಕಳಿರುವ ಬೀದಿಯಲ್ಲಿ ಮನೆಮನೆಗೆ ಮದ್ದು ಇರುವುದು ಯಾರಿಗೂ ಬೇಡ. ಪಾಲಕರಿಗೆ, ಮಕ್ಕಳಿಗೆ ಒಂದು ಮಾತು: ಅಡಿಪಾಯ ತೋಡುವಾಗಲೋ ಹೊಲದಲ್ಲೋ ಹಳೆಯ ಕಾಡತೂಸು ಸಿಕ್ಕರೆ ಮುಟ್ಟಬೇಡಿ, ಬಡಿಯಬೇಡಿ, ಪೊಲೀಸರಿಗೆ ತಿಳಿಸಿ.

ಆದರೆ ಕಾಯ್ದೆ ಸರಿಯಿದ್ದರೂ ಇತಿಹಾಸ ಕೇಳುವ ಪ್ರಶ್ನೆ ಉಳಿಯುತ್ತದೆ. ಅಳತೆ ಯಾರ ಕೈಯಲ್ಲಿದೆ? ಒಂದು ಕಾಲಕ್ಕೆ ಅದು ಕಮ್ಮಾರನ ಕೈಯಲ್ಲಿತ್ತು, ಬಂದೂಕಿನವನ ಮನೆಯ ಇಕ್ಕಳದ ಅಚ್ಚಿನಲ್ಲಿತ್ತು. ಆಮೇಲೆ ವೂಲಿಚ್ ಮತ್ತು ಖಡ್ಕಿಯ ಕಾರ್ಖಾನೆಗೆ ಹೋಯಿತು, ಆಮೇಲೆ ಸರ್ಕಾರದ ಕಡತಕ್ಕೆ ಹೋಯಿತು. ಗೋವೆಯ ಕಮ್ಮಾರರನ್ನು ಹೊಗಳಿದ ಆಲ್ಬುಕರ್ಕ್‌ನ ಹೆಸರು ಎಲ್ಲರಿಗೂ ಗೊತ್ತು. ಆ ಕಮ್ಮಾರರ ಒಂದು ಹೆಸರನ್ನೂ ನಾವು ಪಾಠದಲ್ಲಿ ಓದಲಿಲ್ಲ. ಹಲಗಲಿಯವರ ಹೆಸರಾದರೂ ಉಳಿದದ್ದು ಲಾವಣಿ ಹಾಡಿದವರಿಂದ.

ಎರಡು ತಿಂಗಳ ನಂತರ ನಾವು ಅದೇ ತರಗತಿಗೆ ಹೋಗಿ ಹಳೆಯ ಚಿತ್ರದ ಜಾಗದಲ್ಲಿ ಹೊಸ ಚಿತ್ರ ಬಿಡಿಸಿದೆವು. ಪಟ್ಟಿಯ ಹಾಳೆ ಹರಿದು, ಸುರುಳಿ ಸುತ್ತಿ, ಒಂದು ತುದಿಗೆ ಮದ್ದಿನ ಬದಲು ರಾಗಿ ತುಂಬಿ, ಇನ್ನೊಂದು ತುದಿಗೆ ಗೋಲಿ ಇಟ್ಟು ತೋರಿಸಿದೆವು. ಮಕ್ಕಳು ಒಬ್ಬೊಬ್ಬರಾಗಿ ಬಂದು ಹಾಳೆಯ ತುದಿ ಕಚ್ಚಿ ರಾಗಿ ಸುರಿದರು. ಪ್ರಶ್ನೆ ಕೇಳಿದ ಹುಡುಗನಿಗೆ ಹೇಳಿದೆವು: "ನೀ ಕೇಳಿದ್ದು ಸರಿ ಇತ್ತಪ್ಪಾ. ನಾವು ಕಲಿಸಿದ್ದೇ ತಪ್ಪಿತ್ತು."

ಅವನು ತಲೆ ಕೆರೆದುಕೊಂಡು, "ಹಂಗಾದ್ರ ಹೋದ ಪರೀಕ್ಷಾದಾಗ ತಪ್ಪು ಬರದವರಿಗೆ ಕೊಟ್ಟ ಮಾರ್ಕ್ಸ್ ಏನ್ ಮಾಡ್ತೀರ್ರಿ ಸರ್?" ಎಂದ.

ಇದಕ್ಕೂ ನಾಳೆ ಉತ್ತರ ಹೇಳುತ್ತೇವೆಂದು ಬಂದಿದ್ದೇವೆ.